ಸಂತರ ಕಡತ

ಹರಿಹರದ ಆರೋಗ್ಯ ಮಾತೆ ಹಬ್ಬದ ಮಾರನೇ ದಿನ, ಸೆಪ್ಟೆಂಬರ್ 9ರ ಸಂಜೆ. ಬಾತಿಯಲ್ಲಿ ಹಳೇ ಪಿ.ಬಿ. ರಸ್ತೆಯಿಂದ ಒಳಗೆ ಒಂದು ಮನೆ. ಮನೆಯಾಕೆ ನಿವೃತ್ತ ನರ್ಸು. ಜಗಲಿ ಮೇಲೆ ಕೂತು ಪ್ಲಾಸ್ಟಿಕ್ ಟಬ್ಬಿನ ಉಪ್ಪುನೀರಿನಲ್ಲಿ ಪಾದ ಅದ್ದಿಕೊಂಡಿದ್ದಾರೆ. ಪಕ್ಕದ ಮನೆಯವರು ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರು. ಮಂಡಕ್ಕಿ, ಮಿರ್ಚಿಯ ಪೊಟ್ಟಣ ಹಿಡಿದು ಬಂದಿದ್ದಾರೆ.

— ಎಷ್ಟು ಬೊಬ್ಬೆ ಅಕ್ಕಾರೆ?

— ಎಡಗಾಲಿಗೆ ಎರಡು, ಬಲಗಾಲಿಗೆ ಒಂದು. ಹಬ್ಬಕ್ಕಂತ ಹೊಸ ಚಪ್ಪಲಿ ಮೆಟ್ಟಿಕೊಂಡು ಹರಿಹರದ ತನಕ ನಡೆಯೋಳಿಗೆ ಇದು ಆಗಬೇಕಾದ್ದೇ. ಮೂವತ್ತೈದು ವರ್ಷ ಮಂದಿ ಕಾಲಿಗೆ ಬ್ಯಾಂಡೇಜ್ ಸುತ್ತಿದ್ದೀನಿ, ನನ್ನ ಕಾಲಿನ ಬುದ್ಧಿ ನನಗಿಲ್ಲ. ಕೂತ್ಕೊಳ್ರಿ.

— ನಾನೂ ಹೋಗಿದ್ದೆ, ಬೈಕಲ್ಲಿ. ಹುಡುಗರು ತೇರು ನೋಡಬೇಕು ಅಂದ್ವು. ಅದಿರಲಿ, ಬಹಳ ದಿನದಿಂದ ಒಂದು ಮಾತು ಕೇಳಬೇಕು ಅಂತ. ಒಳಗೆ ಗೋಡೆ ಮೇಲೆ ಆರೋಗ್ಯ ಮಾತೆ ಪಕ್ಕದಾಗೆ ಬಿಳಿ ಟೋಪಿಯವರ ಒಂದು ಫೋಟೋ ಐತಲ್ಲ, ಮೂಲೆಯಲ್ಲಿ ಗೆದ್ದಲು ತಿಂದಿರೋದು. ಅವರು ಪೋಪ್ ಅನ್ನೋದು ಗೊತ್ತು. ಯಾವ ಪೋಪ್?

— ಎರಡನೇ ಜಾನ್ ಪೌಲ್. ಈಗ ಸಂತ ಎರಡನೇ ಜಾನ್ ಪೌಲ್. ನಾನು ಅದನ್ನ ತಂದಾಗ ಬರೀ ಪೋಪ್ ಆಗಿದ್ರು. ನಮ್ಮ ಗುಡಿಯಲ್ಲಿ ಜಗದ್ಗುರುಗಳು ಅಂತೀವಿ.

— ಜಗದ್ಗುರುಗಳಿಗೆ ನಮ್ಮ ಜಿಲ್ಲೆಯಲ್ಲಿ ಬರ ಇಲ್ಲ ಬಿಡ್ರಿ. ಹತ್ತು ಕಿಲೋಮೀಟರಿಗೊಂದು ಪೀಠ, ಪೀಠಕ್ಕೊಂದು ಜಗತ್ತು.

— ನಗಬ್ಯಾಡ್ರಿ. ನಮ್ಮೋರು ನಿಮ್ಮಿಂದಲೇ ಆ ಮಾತು ಕಲಿತಿರಬೇಕು.

— ಅವರನ್ನ ನೀವು ಕಣ್ಣಾರೆ ನೋಡಿದ್ರಾ?

— ನೋಡಿದೆ ಅಂದ್ರೆ ನೋಡಿದೆ. 1986ರ ಫೆಬ್ರವರಿ 6, ಮಂಗಳೂರು. ನಾನಾಗ ಅಲ್ಲಿ ನರ್ಸಿಂಗ್ ಓದ್ತಿದ್ದೆ. ಗೋವಾದಲ್ಲಿ ಪೂಜೆ ಮುಗಿಸಿ ಬಂದಿದ್ರು. ನಮ್ಮ ಹಾಸ್ಟೆಲ್ಲಿನೋರು ಬೆಳಗಿನ ಜಾವವೇ ಹೊರಟಿದ್ವಿ. ಫೆಬ್ರವರಿ ಆದ್ರೂ ಕರಾವಳಿ ಬಿಸಿಲು, ಸೆಖೆ. ಪಕ್ಕದಲ್ಲಿದ್ದ ಒಬ್ಬ ಮುದುಕಿ ಬಾಟ್ಲಿಯಲ್ಲಿ ಗಂಜಿ ತಿಳಿ ತಂದಿದ್ಲು, ನಾವು ಮೂವರು ಹುಡುಗೀರು ಅದನ್ನೇ ಒಂದೊಂದು ಗುಟುಕು ಕುಡಿದ್ವಿ. ಆಮೇಲೆ ಬಂದ್ರು. ಬಂದ್ರು ಅಂತ ಗೊತ್ತಾಗಿದ್ದು ಜನ ಎದ್ದು ನಿಂತಿದ್ದಕ್ಕೆ. ಬಹಳ ದೂರ, ವೇದಿಕೆ ಮೇಲೆ ಒಂದು ಬಿಳಿ ಚುಕ್ಕಿ. ಆ ಚುಕ್ಕಿ ಕೈ ಎತ್ತಿತು. ನಾನು ಅತ್ತೆ. ಯಾಕೆ ಅಂತ ಕೇಳಬ್ಯಾಡ್ರಿ, ಇಪ್ಪತ್ತು ವರ್ಷದ ಹುಡುಗಿ. ವಾಪಸ್ ಬರುವಾಗ ಒಂದು ಅಂಗಡಿಯಲ್ಲಿ ಆ ಫೋಟೋ ತಗೊಂಡೆ.

— ಬಿಳಿ ಚುಕ್ಕಿ ನೋಡಿದ್ದಕ್ಕೆ ಇಷ್ಟು ವರ್ಷ ಫೋಟೋ?

— ಚುಕ್ಕಿಗಲ್ಲ ಮೇಷ್ಟ್ರೆ. ಅವರ ಜೀವನ ಓದಿದ್ದು ಆಮೇಲೆ. ಅದರಾಗೂ ಅವರ ಅಣ್ಣನ ಸುದ್ದಿ ಓದಿದ ಮೇಲೆ ಫೋಟೋ ತೆಗೆಯೋಕೆ ಮನಸ್ಸಾಗಲಿಲ್ಲ.

— ಅಣ್ಣ?

— ಪೋಲೆಂಡಿನ ವಾಡೊವಿತ್ಸೆ ಅಂತ ಸಣ್ಣ ಊರು. 1920ರ ಮೇ 18ಕ್ಕೆ ಹುಟ್ಟಿದ್ದು. ಹೆಸರು ಕರೋಲ್ ವೊಯ್ತಿವಾ. ಎಂಟು ವರ್ಷದೋನಿದ್ದಾಗ ತಾಯಿ ಹೋದ್ಲು. ಅಣ್ಣ ಎಡ್ಮಂಡ್, ಹದಿನಾಲ್ಕು ವರ್ಷ ದೊಡ್ಡೋನು, ಡಾಕ್ಟರ್. 1932ರಲ್ಲಿ ಆಸ್ಪತ್ರೆಯಲ್ಲಿ ಸ್ಕಾರ್ಲೆಟ್ ಜ್ವರದ ಒಬ್ಬ ಪೇಷಂಟ್ ನೋಡ್ಕೊಂಡ. ಅದೇ ಜ್ವರ ಅವನಿಗೂ ಹತ್ತಿ ಸತ್ತ. ಆಗಿನ್ನೂ ಪೆನಿಸಿಲಿನ್ ಬಳಕೆಗೆ ಬಂದಿರಲಿಲ್ಲ. ನಾನು ಟಿ.ಬಿ. ವಾರ್ಡಿನಲ್ಲಿ ನೈಟ್ ಡ್ಯೂಟಿ ಮಾಡುವಾಗ ಎಷ್ಟೋ ಸಲ ಅವನ ನೆನಪಾಗಿದೆ. ಪೋಪ್ ನೆನಪಲ್ಲ, ಪೋಪ್ ಅಣ್ಣನ ನೆನಪು. 1941ರಲ್ಲಿ ಅಪ್ಪನೂ ಹೋದ. ಇಪ್ಪತ್ತೊಂದು ತುಂಬೋದರೊಳಗೆ ಮನೆ ಖಾಲಿ.

— ಯುದ್ಧದ ಕಾಲ.

— ಹ್ಞೂಂ, ಹಿಟ್ಲರನೋರು ಪೋಲೆಂಡ್ ಹಿಡಿದಿದ್ರು. ಯೂನಿವರ್ಸಿಟಿ ಮುಚ್ಚಿಸಿದ್ರು. ಕೈಯಾಗೆ ಕೆಲಸದ ಚೀಟಿ ಇಲ್ಲದ ಹುಡುಗರನ್ನ ಜರ್ಮನಿಗೆ ಸಾಗಿಸ್ತಿದ್ರು. ಇವರು ಮೊದಲು ಕಲ್ಲಿನ ಕ್ವಾರಿ ಸೇರಿದ್ರು, ಆಮೇಲೆ ಸೊಲ್ವೇ ಅಂತ ಒಂದು ಕೆಮಿಕಲ್ ಫ್ಯಾಕ್ಟರಿ. ಕಾವಡಿ ಕಟ್ಟಿ ಸುಣ್ಣದ ಬಕೆಟ್ ಹೊರೋದು. ಕಾಲಿಗೆ ಕಟ್ಟಿಗೆ ಮೆಟ್ಟು.

— ಅಂದ್ರೆ ನಮ್ಮ ಕುಮಾರಪಟ್ಟಣದ ಪಾಲಿಫೈಬರ್ಸ್ ಶಿಫ್ಟಿಗೆ ಹೋಗೋ ಹುಡುಗರ ಹಂಗೆ.

— ಹಂಗೇ. ಬಾತಿಯಿಂದ ಆ ಫ್ಯಾಕ್ಟರಿಗೆ ಹೋಗ್ತಿದ್ದೋರು ಮನೆಗೆ ಬಂದ್ರೆ ಬಟ್ಟೆಗೆಲ್ಲ ಅದೇ ವಾಸನೆ, ಗೊತ್ತಲ್ಲ? ಆ ವಾಸನೆ ಬಲ್ಲವರು ಪೋಪ್ ಆದ್ರು ಅನ್ನೋದು ನನಗೆ ದೊಡ್ಡದು. ರಾತ್ರಿ ಪಾಳಿಯಲ್ಲಿ ಬಾಯ್ಲರ್ ಹತ್ರ ಕೂತು ಓದ್ತಿದ್ರಂತೆ. 1942ರಿಂದ ಗುಟ್ಟಾಗಿ ಸೆಮಿನರಿ. ಸಿಕ್ಕಿಬಿದ್ರೆ ಜೀವ ಹೋಗೋದು. ಅದರ ನಡುವೆ ನಾಟಕ ಬೇರೆ.

— ನಾಟಕ?

— ಕಿಟಕಿ ಪರದೆ ಎಳೆದು, ಯಾರದೋ ಮನೆ ನಡುಮನೆಯಲ್ಲಿ, ಇಪ್ಪತ್ತು ಮೂವತ್ತು ಜನರ ಮುಂದೆ. ಬಣ್ಣ ಇಲ್ಲ, ಸೀನರಿ ಇಲ್ಲ, ಬರೀ ಮಾತು. ಪೋಲಿಷ್ ಭಾಷೆ ಸಾಯಬಾರದು ಅಂತ.

— ಇದು ನನಗೆ ಹಿಡಿಸಿತು ನೋಡ್ರಿ. ನಮ್ಮ ದಾವಣಗೆರೆ ಕೆ.ಬಿ.ಆರ್. ಡ್ರಾಮಾ ಕಂಪನಿಯೋರು ಝಗಮಗ ಸೀನರಿ ಇಟ್ಟು ಊರೂರು ತಿರುಗಿದ್ರು, ಇವರು ಪರದೆ ಮುಚ್ಚಿಕೊಂಡು ಆಡಿದ್ರು. ಬೀದಿ ತುಂಬ ಜನ ಸೇರಿಸೋ ಕಲೆ ಅವರಿಗೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು. ನಟ!

— ನಟ ಅಂತ ಅವರನ್ನ ಬೈಯೋರೂ ಇದ್ರು. ವಿಮಾನ ಇಳಿದ ಕೂಡಲೇ ಬಗ್ಗಿ ನೆಲಕ್ಕೆ ಮುತ್ತಿಡೋರು, ಅದು ಕ್ಯಾಮೆರಾಕ್ಕೆ ಅಂತ. ಇಲ್ಲಿಗೆ ಬಂದಾಗ ದೆಹಲಿಯಲ್ಲೂ ಇಟ್ರು, ಅಲ್ಲಿಂದ ರಾಜಘಾಟ್‌ಗೆ ಹೋದ್ರು. ನಟನೆ ಇದ್ರೂ ಇರಲಿ ಬಿಡ್ರಿ. ವಾರ್ಡಿನಲ್ಲಿ ನಾನೂ ನಟಿಸಿದೀನಿ. ಸಾಯೋನಿಗೆ ‘ಏನೂ ಆಗಲ್ಲ ಅಜ್ಜಾ’ ಅಂದಿದೀನಿ.

— ನಿಮ್ಮ ಸಂತರ ಬಗ್ಗೆ ನನಗೆ ಒಂದು ಹಳೇ ಸಿಟ್ಟು ಐತೆ. ಹೇಳ್ಲಾ?

— ಹೇಳ್ರಿ, ಮಿರ್ಚಿ ತಣ್ಣಗಾಗ್ತಾವೆ, ತಿಂತಾ ಹೇಳ್ರಿ.

— ನಮ್ಮಪ್ಪ ದಾವಣಗೆರೆ ಕಾಟನ್ ಮಿಲ್ಲಿನಲ್ಲಿ ಇದ್ದೋನು. ಕೆಂಪು ಬಾವುಟ, ಪಂಪಾಪತಿಯವರ ಯೂನಿಯನ್. ಪಂಪಾಪತಿ ಎಮ್ಮೆಲ್ಲೆ ಆದಾಗ ಊರಿಗೆಲ್ಲ ಮಂಡಕ್ಕಿ ಹಂಚಿದ್ದ. ಮನೆಯಲ್ಲಿ ಲೆನಿನ್ ಫೋಟೋ, ಅದರ ಪಕ್ಕ ಬಸವಣ್ಣ. 1989ರಲ್ಲಿ ಪೂರ್ವ ಯುರೋಪ್ ಒಂದೊಂದೇ ಬಿದ್ದಾಗ ಅಪ್ಪ ಪೇಪರ್ ಮಡಚಿಟ್ಟು, ‘ಆ ಪೋಪ್ ಕೆಡವಿದ’ ಅಂದ. ಊಟ ಮಾಡಲಿಲ್ಲ ಆ ರಾತ್ರಿ. ಕೂಲಿಕಾರರ ಸರ್ಕಾರವನ್ನ ರೋಮಿನ ಒಬ್ಬ ಸ್ವಾಮಿ ಕೆಡವಿದ ಅನ್ನೋ ಸಂಕಟ.

— ಕೆಡವಿದೋರು ಅವರೊಬ್ಬರೇ ಅಲ್ಲ. 1978ರ ಅಕ್ಟೋಬರ್ 16ಕ್ಕೆ ಪೋಪ್ ಆದ್ರು. 455 ವರ್ಷದಲ್ಲಿ ಇಟಲಿಯವರಲ್ಲದ ಮೊದಲನೇ ಪೋಪ್. ಮುಂದಿನ ಜೂನಿನಲ್ಲಿ ಪೋಲೆಂಡಿಗೆ ಹೋದ್ರು. ಒಂಬತ್ತು ದಿನ, ಲಕ್ಷಗಟ್ಟಲೆ ಜನ. ಸರ್ಕಾರ ಹೇಳದೆಯೂ ನಾವು ಇಷ್ಟು ಮಂದಿ ಸೇರಬಹುದು ಅಂತ ಜನಕ್ಕೆ ಗೊತ್ತಾಗಿದ್ದು ಆವಾಗ. 1980ರ ಆಗಸ್ಟ್‌ನಲ್ಲಿ ಹಡಗಿನ ಕಾರ್ಖಾನೆ ಕಾರ್ಮಿಕರು ಸ್ಟ್ರೈಕ್ ಮಾಡಿದ್ರಲ್ಲ...

— ಗ್ಡಾನ್ಸ್ಕ್. ಕಾರ್ಖಾನೆ ಹೆಸರೇ ಲೆನಿನ್. ಗೇಟಿಗೆ ಪೋಪ್ ಫೋಟೋ ಕಟ್ಟಿದ್ರು. ಅಪ್ಪನಿಗೆ ಅದೇ ನುಂಗಲಾರದ ತುತ್ತು. ಲೆನಿನ್ ಹೆಸರಿನ ಗೇಟಿಗೆ ಪೋಪ್ ಪಟ.

— ಕಾರ್ಮಿಕರು ಅವರೇ ಅಲ್ವಾ ಮೇಷ್ಟ್ರೆ? ಅವರು ಕೇಳಿದ್ದು ಯೂನಿಯನ್ನೇ ಅಲ್ವಾ? ಅವರು ಕಟ್ಟಿದ ಸಾಲಿಡಾರಿಟಿ ಅಂದ್ರೆ ಯೂನಿಯನ್. ನಿಮ್ಮಪ್ಪ ಪಂಪಾಪತಿಯವರ ಹತ್ರ ಕೇಳಿದ್ದೂ ಅದನ್ನೇ.

— ಅದನ್ನ ಬಿ.ಎ. ಓದುವಾಗ ಅಪ್ಪನಿಗೆ ಹೇಳೋಕೆ ಹೋದೆ. ಕಪಾಳಕ್ಕೆ ಬಿತ್ತು. 1981ರಲ್ಲಿ ದುಡಿಮೆ ಬಗ್ಗೆ ಪೋಪ್ ಒಂದು ದೊಡ್ಡ ಪತ್ರ ಬರೆದಿದ್ರು ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಬಂಡವಾಳಕ್ಕಿಂತ ದುಡಿಯೋ ಮನುಷ್ಯ ಮೊದಲು ಅಂತ. ಮಿಲ್ಲಿನ ಗೇಟ್ ಮೀಟಿಂಗಿನಲ್ಲಿ ಓದಿದ್ರೆ ಅಪ್ಪ ಚಪ್ಪಾಳೆ ಹೊಡೀತಿದ್ದ, ಬರೆದೋರ ಹೆಸರು ಹೇಳದಿದ್ರೆ. ಆದ್ರೆ ಅಕ್ಕಾರೆ, ಅದೇ ಪೋಪ್ ಲ್ಯಾಟಿನ್ ಅಮೆರಿಕದಲ್ಲಿ ಬಡವರ ಪರ ನಿಂತ ಪಾದ್ರಿಗಳಿಗೆ ಬೆರಳು ತೋರಿಸಿ ಗದರಿದ್ರು. ಪೋಲೆಂಡಿನಲ್ಲಿ ಸರಿ ಅನ್ನಿಸಿದ್ದು ನಿಕರಾಗುವಾದಲ್ಲಿ ತಪ್ಪಾಗಿತ್ತು.

— ಗೊತ್ತು. 1983, ವಿಮಾನ ನಿಲ್ದಾಣದಲ್ಲಿ ಒಬ್ಬ ಪಾದ್ರಿ, ಅಲ್ಲಿಯ ಮಂತ್ರಿಯೂ ಹೌದು, ಟೋಪಿ ತೆಗೆದು ಮಂಡಿಯೂರಿದ್ದ. ಇವರು ನಿಂತೇ ಬೆರಳಾಡಿಸಿದ್ರು. ಆ ಫೋಟೋ ನಾನೂ ನೋಡಿದೀನಿ. ಅದನ್ನ ಗೋಡೆಗೆ ಹಾಕಿಲ್ಲ.

— ಸರಿ, ಸಂತ ಆಗೋದು ಹೆಂಗೆ ಹೇಳ್ರಿ. ನಮ್ಮಲ್ಲಿ ಬಹಳ ಸಲೀಸು. ಒಬ್ಬ ಅಜ್ಜ ಸತ್ತ, ಗದ್ದುಗೆ ಕಟ್ಟಿದ್ರು, ಒಬ್ಬ ಹೆಂಗಸಿಗೆ ಮಕ್ಕಳಾಯ್ತು, ಮುಂದಿನ ವರ್ಷ ಜಾತ್ರೆ. ಬಾತಿ ದರ್ಗಾದ ಉರುಸಿಗೆ ನಾವೂ ಸಕ್ಕರೆ ಓದಿಸಿಕೊಂಡು ಬರ್ತೀವಿ, ಯಾರೂ ಆ ಅಜ್ಜನ ಜಾತಕ ಕೇಳಲ್ಲ.

— ನಮ್ಮದರಾಗೆ ಕಡತ. ಮೊದಲು ದೇವರ ಸೇವಕ, ಆಮೇಲೆ ಪೂಜ್ಯ, ಆಮೇಲೆ ಧನ್ಯ, ಆಮೇಲೆ ಸಂತ. ಸತ್ತು ಐದು ವರ್ಷ ಆಗೋತನಕ ಕಡತ ತೆರೆಯೋ ಹಾಗೇ ಇಲ್ಲ. ಸಾಕ್ಷಿ, ಅವರು ಬರೆದ ಕಾಗದ ಪತ್ರ, ಎಲ್ಲ ನೋಡಬೇಕು. ಒಂದು ಪವಾಡಕ್ಕೆ ಧನ್ಯ, ಇನ್ನೊಂದು ಪವಾಡಕ್ಕೆ ಸಂತ.

— ಪವಾಡಕ್ಕೂ ಪರೀಕ್ಷೆ?

— ಡಾಕ್ಟರುಗಳ ಮಂಡಳಿ ಐತೆ ರೋಮಿನಲ್ಲಿ. ಇಲಾಜಿನಿಂದ ಆಗಿದ್ದಲ್ಲ, ವಿಜ್ಞಾನದಲ್ಲಿ ವಿವರಣೆ ಇಲ್ಲ ಅಂತ ಅವರು ಹೇಳಬೇಕು. ಜಾನ್ ಪೌಲ್ ಅವರದ್ದು ಮೊದಲನೇದು ಫ್ರಾನ್ಸಿನ ಒಬ್ಬ ಕನ್ಯಾಸ್ತ್ರೀ, ಮರಿ ಸಿಮೋನ್-ಪಿಯೆರ್. ಹೆರಿಗೆ ವಾರ್ಡಿನಲ್ಲಿ ಕೆಲಸ. 2001ರಲ್ಲಿ ಪಾರ್ಕಿನ್ಸನ್ ಅಂತ ಗೊತ್ತಾಯ್ತು, ಪೋಪ್‌ಗೂ ಅದೇ ಕಾಯಿಲೆ. 2005ರ ಜೂನಿನಲ್ಲಿ ಅವರ ಕಾನ್ವೆಂಟಿನ ಮದರ್, ಒಂದು ಕಾಗದದ ಮೇಲೆ ಪೋಪ್ ಹೆಸರು ಬರಿ ನೋಡೋಣ ಅಂದ್ರಂತೆ. ಬರೆದದ್ದು ಓದೋಕೇ ಬರಲಿಲ್ಲ. ರಾತ್ರಿ ಕೋಣೆಗೆ ಹೋಗಿ ಮತ್ತೆ ಪೆನ್ನು ಹಿಡಿದ್ಲು, ಅಕ್ಷರ ನೆಟ್ಟಗೆ ಬಂದ್ವು. ಬೆಳಗಾಗೋದರೊಳಗೆ ಕೈ ನಡುಗೋದು ನಿಂತಿತ್ತು.

— ನೀವು ನರ್ಸು. ನಂಬ್ತೀರಾ?

— ನಂಬಬೇಕು ಅಂತ ಅನ್ನಿಸುತ್ತೆ. ಪಾರ್ಕಿನ್ಸನ್ ಪೇಷಂಟಿನ ಕೈಬರಹ ಇರುವೆ ಸಾಲಿನಂಗೆ ಚಿಕ್ಕದಾಗ್ತಾ ಹೋಗುತ್ತೆ, ಅದನ್ನ ನಾನೇ ಕೇಸ್ ಶೀಟಿನಲ್ಲಿ ನೋಡಿದೀನಿ. ಸಹಿ ಮಾಡ್ರಿ ಅಂದ್ರೆ ಮೊದಲನೇ ಅಕ್ಷರ ದೊಡ್ಡದು, ಕೊನೇದು ಸಾಸಿವೆ ಕಾಳು. ಆ ಕಾಯಿಲೆ ಹೊರಳಿ ಹಿಂದಕ್ಕೆ ಬಂದಿದ್ದನ್ನ ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ. ಡಯಾಗ್ನೋಸಿಸ್ ತಪ್ಪಿತ್ತೇನೋ ಅಂತ ಅಂದೋರೂ ಇದಾರೆ. ಇರಬಹುದು. ಎರಡನೇದು ಕೋಸ್ಟರಿಕಾದ ಫ್ಲೋರಿಬೆತ್ ಮೋರಾ ಅನ್ನೋ ಹೆಂಗಸು. ಮಿದುಳಿನ ರಕ್ತನಾಳ ಊದಿಕೊಂಡಿತ್ತು, ಆಪರೇಷನ್ ಆಗಲ್ಲ ಅಂತ ಮನೆಗೆ ಕಳಿಸಿದ್ರು. 2011ರ ಮೇ 1ರಂದು, ಇವರನ್ನ ಧನ್ಯ ಅಂತ ಸಾರಿದ ದಿನವೇ, ಪತ್ರಿಕೆಯಲ್ಲಿದ್ದ ಇವರ ಫೋಟೋ ಮಾತಾಡ್ತು ಅಂತಾಳೆ.

— ನಿಮ್ಮ ಗೋಡೆ ಫೋಟೋ ಏನಾದ್ರೂ...

— ಇಲ್ಲ. ಗೆದ್ದಲು ಹಿಡಿದಾಗಲೂ ಮಾತಾಡಲಿಲ್ಲ.

— ಎಷ್ಟು ವರ್ಷ ಬೇಕಾಯ್ತು ಒಟ್ಟು?

— ಒಂಬತ್ತು. 2005ರ ಏಪ್ರಿಲ್ 2ಕ್ಕೆ ತೀರಿಕೊಂಡ್ರು, 2014ರ ಏಪ್ರಿಲ್ 27ಕ್ಕೆ ಪೋಪ್ ಫ್ರಾನ್ಸಿಸ್ ಸಂತ ಅಂತ ಸಾರಿದ್ರು. ಮಣ್ಣು ಮಾಡೋ ದಿನವೇ ಜನ ‘ಸಾಂತೋ ಸುಬಿತೋ’ ಅಂತ ಬೋರ್ಡ್ ಹಿಡಿದಿದ್ರು, ಈಗಿಂದೀಗಲೇ ಸಂತ ಮಾಡ್ರಿ ಅಂತ. ಐದು ವರ್ಷ ಕಾಯೋ ನಿಯಮವನ್ನ ಮುಂದಿನ ಪೋಪ್ ಬೆನೆಡಿಕ್ಟ್ ಸಡಿಲ ಮಾಡಿದ್ರು.

— ಒಂಬತ್ತು ವರ್ಷ! ಜೋನ್ ಆಫ್ ಆರ್ಕ್‌ಳನ್ನ 1431ರಲ್ಲಿ ಸುಟ್ಟರು, ಸಂತಳಾಗಿದ್ದು 1920ರಲ್ಲಿ. ಪಾಠ ಮಾಡಿದೀನಿ.

— ನಮ್ಮ ಕನ್ಯಾಕುಮಾರಿ ಕಡೆಯ ದೇವಸಹಾಯಂ ಪಿಳ್ಳೈ 1752ರಲ್ಲಿ ಗುಂಡೇಟಿಗೆ ಸತ್ತೋರು. ಸಂತ ಆಗಿದ್ದು 2022ರಲ್ಲಿ.

— ಮತ್ತೆ ಪೋಪ್‌ಗೆ ಯಾಕೆ ಅಷ್ಟು ಅವಸರ? ಸರ್ಕಾರಿ ಆಫೀಸಿನಲ್ಲಿ ಹಂಗೇ, ದೊಡ್ಡೋರ ಫೈಲು ಮೇಲಿಂದ ಮೇಲೇ ಹಾರುತ್ತೆ.

— ಅದಕ್ಕೆ ಒಂದು ವಕ್ರ ಐತೆ ಮೇಷ್ಟ್ರೆ. ಹಿಂದೆ ಈ ಕಡತದ ಕೋರ್ಟಿನಲ್ಲಿ ಒಬ್ಬ ವಕೀಲ ಇರ್ತಿದ್ದ. ಈತ ಸಂತ ಅಲ್ಲ ಅಂತ ವಾದ ಮಾಡೋದೇ ಅವನ ಕೆಲಸ. ಪವಾಡ ಸುಳ್ಳು, ಆ ಕಾಗದದಲ್ಲಿ ಹಿಂಗೆ ಬರೆದಿದಾನೆ, ಆ ಹೆಂಗಸಿಗೆ ಹಂಗೆ ಅಂದಿದಾನೆ ಅಂತ ಹುಡುಕಿ ಹುಡುಕಿ ತರಬೇಕು. ಜನ ಅವನನ್ನ ಸೈತಾನನ ವಕೀಲ ಅಂತಿದ್ರು. 1587ರಿಂದ ಇದ್ದ ಹುದ್ದೆ. ಅದನ್ನ 1983ರಲ್ಲಿ ಹಲ್ಲು ಕಿತ್ತ ಹಾವು ಮಾಡಿದೋರು ಯಾರು ಅಂದ್ಕೊಂಡ್ರಿ?

— ಇವರೇ?

— ಇವರೇ. ಪವಾಡದ ಲೆಕ್ಕವನ್ನೂ ಕಮ್ಮಿ ಮಾಡಿದ್ರು. ತಮ್ಮ ಕಾಲದಲ್ಲಿ 482 ಜನರನ್ನ ಸಂತರು ಅಂತ ಸಾರಿದ್ರು. ಅವರಿಗಿಂತ ಹಿಂದಿನ ನಾಲ್ಕು ನೂರು ವರ್ಷದ ಪೋಪರನ್ನೆಲ್ಲ ಕೂಡಿಸಿದ್ರೂ ಅಷ್ಟಾಗಲ್ಲ. ಇಟಲಿ, ಫ್ರಾನ್ಸ್ ಅಂತ ಅಲ್ಲೇ ಸುತ್ತಬಾರದು, ಕೊರಿಯಾದಲ್ಲೂ ಆಫ್ರಿಕಾದಲ್ಲೂ ಸಂತರು ಇದಾರೆ ಅಂತ ತೋರಿಸಬೇಕು ಅನ್ನೋದು ಅವರ ಆಸೆ. ಒಳ್ಳೇ ಆಸೆಯೇ. ಕೇರಳದ ಅಲ್ಫೋನ್ಸಾ, ಚಾವರ ಅಚ್ಚನ್ ಇಬ್ಬರನ್ನ ಧನ್ಯರು ಅಂತ ಕೊಟ್ಟಾಯಂನಲ್ಲಿ ಸಾರಿದ್ದೂ ಮಂಗಳೂರಿಗೆ ಬಂದ ಅದೇ ವಾರ. ಆದ್ರೆ ಆ ವಕೀಲನನ್ನ ಹಂಗೇ ಇಟ್ಟಿದ್ರೆ ಅವರ ಸ್ವಂತ ಕಡತಕ್ಕೇ ಒಳ್ಳೇದಿತ್ತು ಅಂತ ನನಗೀಗ ಅನ್ನಿಸುತ್ತೆ.

— ಅಂದ್ರೆ?

— ಹೇಳ್ತೀನಿ. ಮೊದಲು ಗುಂಡಿನ ಕಥೆ ಕೇಳ್ರಿ, ಇಲ್ಲಾಂದ್ರೆ ಅದು ಅರ್ಥ ಆಗಲ್ಲ. 1981ರ ಮೇ 13, ಸಂಜೆ ಐದೂ ಕಾಲು. ರೋಮಿನಲ್ಲಿ ಸಂತ ಪೇತ್ರರ ಚೌಕ. ತೆರೆದ ಜೀಪಿನಲ್ಲಿ ನಿಂತು ಒಂದು ಮಗುವನ್ನ ಎತ್ತಿ ಮುದ್ದು ಮಾಡಿ ಆಗಷ್ಟೇ ವಾಪಸ್ ಕೊಟ್ಟಿದಾರೆ. ಟರ್ಕಿಯ ಮೆಹ್ಮೆತ್ ಅಲಿ ಅಗ್ಜಾ ಅನ್ನೋನು ಹೊಡೆದ. ಒಂದು ಹೊಟ್ಟೆಗೆ, ಇನ್ನೊಂದು ಎಡಗೈ ತೋರುಬೆರಳಿಗೆ. ಗೆಮೆಲ್ಲಿ ಆಸ್ಪತ್ರೆಗೆ ಒಯ್ದು ಐದು ತಾಸಿಗೂ ಮೀರಿ ಆಪರೇಷನ್ ಮಾಡಿದ್ರು. ಕರುಳು ಹರಿದಿತ್ತು. ಕತ್ತರಿಸಿ ನೆಲಕ್ಕೆ ಬಿಸಾಕಿದ ರಕ್ತದ ಬನಿಯನ್ನನ್ನ ಥಿಯೇಟರಿನ ಒಬ್ಬ ನರ್ಸು ಎತ್ತಿ, ಟವೆಲ್‌ನಲ್ಲಿ ಸುತ್ತಿ ಇಟ್ಟುಕೊಂಡಳು. ಈಗ ಅದನ್ನ ರೋಮಿನಲ್ಲಿ ಕನ್ಯಾಸ್ತ್ರೀಯರ ಒಂದು ಗುಡಿಯಲ್ಲಿ ಇಟ್ಟಿದಾರೆ. ನನಗೆ ಆ ನರ್ಸ್ ಬಗ್ಗೆ ಹೊಟ್ಟೆಕಿಚ್ಚು. ನಾವು ಅಂಥ ಬಟ್ಟೆ ಎಷ್ಟು ಬಕೆಟಿಗೆ ಹಾಕಿದೀವಿ, ತಿರುಗಿ ನೋಡಿಲ್ಲ.

— ಬದುಕಿದ್ರಲ್ಲ.

— ಬದುಕಿದ್ರು. ಕೊಟ್ಟ ರಕ್ತದಿಂದ ಸೈಟೊಮೆಗಾಲೊ ವೈರಸ್ ಹತ್ತಿ ಜೂನಿನಲ್ಲಿ ಮತ್ತೆ ಸೇರಿಸಬೇಕಾಯ್ತು. ಪೋಪ್ ಆದ್ರೇನು, ರಕ್ತದ ಬಾಟ್ಲಿಗೆ ಎಲ್ಲರೂ ಒಂದೇ. ಗುಂಡು ಬಿದ್ದು ನಾಲ್ಕೇ ದಿನಕ್ಕೆ ಆಸ್ಪತ್ರೆ ಮಂಚದಿಂದ ರೇಡಿಯೋದಲ್ಲಿ, ಹೊಡೆದ ನನ್ನ ಸೋದರನನ್ನ ಕ್ಷಮಿಸಿದೀನಿ ಅಂದ್ರು. ಬಾಯಿ ಮಾತು ಯಾರಾದ್ರೂ ಹೇಳಬಹುದು. 1983ರ ಡಿಸೆಂಬರ್ 27, ಕ್ರಿಸ್ಮಸ್ ಆಗಿ ಎರಡು ದಿನ, ಜೈಲಿಗೆ ಹೋದ್ರು. ಸೆಲ್ಲಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಮೊಣಕಾಲಿಗೆ ಮೊಣಕಾಲು ತಾಗೋ ಹಂಗೆ ಕೂತು, ತಲೆ ಬಗ್ಗಿಸಿ, ಇಪ್ಪತ್ತು ನಿಮಿಷ ಪಿಸುಮಾತು. ಏನು ಮಾತಾಡಿದ್ರಿ ಅಂದ್ರೆ, ಅದು ನಮ್ಮಿಬ್ಬರ ನಡುವಿನ ಗುಟ್ಟು ಅಂದ್ರು. ಸಾಯೋತನಕ ಹೇಳಲಿಲ್ಲ. 2014ರ ಡಿಸೆಂಬರ್ 27ಕ್ಕೆ ಅಗ್ಜಾ ಬಂದು ಅವರ ಸಮಾಧಿ ಮೇಲೆ ಬಿಳಿ ಗುಲಾಬಿ ಇಟ್ಟು ಹೋದ.

— ಅಬ್ಬಾ. ಇದೊಂದೇ ಸಾಕಲ್ಲ ಅಕ್ಕಾರೆ ಸಂತ ಅನ್ನೋಕೆ. ಬೇರೆ ಪವಾಡ ಯಾಕೆ?

— ನನಗೂ ಹಂಗೇ ಅನ್ನಿಸಿತ್ತು, 2020ರ ನವೆಂಬರ್ ತನಕ. ಆ ತಿಂಗಳು ವ್ಯಾಟಿಕನ್ ತಾನೇ ಒಂದು ವರದಿ ಹೊರಗೆ ಹಾಕ್ತು. ಅಮೆರಿಕದ ಮೆಕ್ಯಾರಿಕ್ ಅನ್ನೋ ಕಾರ್ಡಿನಲ್ ಬಗ್ಗೆ. ಸೆಮಿನರಿ ಹುಡುಗರನ್ನ ಹಾಸಿಗೆಗೆ ಕರೀತಿದ್ದ ಅಂತ 1999ರಲ್ಲೇ ನ್ಯೂಯಾರ್ಕಿನ ಕಾರ್ಡಿನಲ್ ಒಬ್ಬರು ಕಾಗದ ಬರೆದಿದ್ರು. ಆದ್ರೂ 2000ದಲ್ಲಿ ಜಾನ್ ಪೌಲ್ ಅವನನ್ನ ವಾಷಿಂಗ್ಟನ್ನಿನ ಮಹಾಧರ್ಮಾಧ್ಯಕ್ಷ ಮಾಡಿದ್ರು. ನಾನು ಅಂಥೋನಲ್ಲ ಅಂತ ಅವನು ಬರೆದ ಒಂದು ಕಾಗದವನ್ನ ನಂಬಿದ್ರು. ಇನ್ನೊಬ್ಬ ಮೆಕ್ಸಿಕೋದೋನು, ಮಾರ್ಸಿಯಲ್ ಮಸಿಯೆಲ್, ದೊಡ್ಡ ಸಂಸ್ಥೆ ಕಟ್ಟಿದ ಪಾದ್ರಿ. ಹುಡುಗರಾಗಿದ್ದಾಗ ಅವನ ಕೈಗೆ ಸಿಕ್ಕೋರು ದೊಡ್ಡೋರಾಗಿ 1998ರಲ್ಲಿ ರೋಮಿಗೇ ದೂರು ಕೊಟ್ರು. 2004ರಲ್ಲಿ ಇವರು ಅವನನ್ನ ಎಲ್ಲರ ಮುಂದೆ ಹೊಗಳಿದ್ರು. ಅವನನ್ನ ದೂರ ಇಟ್ಟಿದ್ದು ಮುಂದಿನ ಪೋಪ್, 2006ರಲ್ಲಿ.

— ಗೊತ್ತಿದ್ದೂ?

— ಪೋಲೆಂಡಿನಲ್ಲಿ ಪೊಲೀಸರು ಪಾದ್ರಿಗಳ ಮೇಲೆ ಇಂಥ ಸುಳ್ಳು ಕಟ್ಟೋದು ಅವರು ಕಣ್ಣಾರೆ ಕಂಡಿದ್ರು. ಅದಕ್ಕೇ ಇದನ್ನೂ ಸುಳ್ಳು ಅಂದ್ಕೊಂಡ್ರು ಅಂತ ಆ ವರದಿಯಲ್ಲೇ ಐತೆ. ನಾನು ಅದನ್ನ ಓದಿ, ಎದ್ದು, ಫೋಟೋ ತಿರುಗಿಸಿ ಇಟ್ಟೆ. ಎರಡು ತಿಂಗಳು ಗೋಡೆಗೆ ಮುಖ ಮಾಡ್ಕೊಂಡಿತ್ತು. ಅದರ ಬೆನ್ನ ಕಡೆಯೇ ಗೆದ್ದಲು ಹತ್ತಿದ್ದು.

— ಗೆಲಿಲಿಯೋ ವಿಷಯದಲ್ಲಿ ಚರ್ಚ್ ತಪ್ಪು ಮಾಡಿತು ಅಂತ 1992ರಲ್ಲಿ ಒಪ್ಪಿಕೊಂಡೋರು ಇವರೇ ಅಲ್ವಾ? 2000ದಲ್ಲಿ ಎರಡು ಸಾವಿರ ವರ್ಷದ ಪಾಪಕ್ಕೆಲ್ಲ ಕ್ಷಮೆ ಕೇಳಿದ್ರು, ಜೆರುಸಲೇಮಿನ ಗೋಡೆಯೊಳಗೆ ಚೀಟಿ ಇಟ್ಟರು. ಸತ್ತು ಮಣ್ಣಾದವರ ಹತ್ರ ಕ್ಷಮೆ ಕೇಳೋದು ಅಷ್ಟು ಕಷ್ಟ ಅಲ್ಲ ಬಿಡ್ರಿ. ಬಾಗಿಲ ಹೊರಗೆ ಅರ್ಜಿ ಹಿಡಿದು ನಿಂತಿರೋನು ಜೀವಂತ ಇರ್ತಾನಲ್ಲ, ಅದು ಕಷ್ಟ.

— ನನಗೆ ಹೊಳೆದದ್ದು ಇಷ್ಟು. ತನಗೆ ಗುಂಡು ಹೊಡೆದೋನನ್ನ ಕ್ಷಮಿಸೋ ಹಕ್ಕು ಅವರದ್ದು. ಗಾಯ ಅವರದ್ದು, ಕರುಳು ಅವರದ್ದು, ಬೆರಳು ಅವರದ್ದು. ಆ ಹುಡುಗರ ಗಾಯ ಅವರದ್ದಲ್ಲ. ಅಲ್ಲಿ ಅವರು ಕ್ಷಮೆ, ನಂಬಿಕೆ ಅಂತ ಹೇಳೋ ಹಾಗಿರಲಿಲ್ಲ, ವಿಚಾರಣೆ ಮಾಡಬೇಕಿತ್ತು. ಸೈತಾನನ ವಕೀಲ ಇದ್ದಿದ್ರೆ ಎದ್ದು ನಿಂತು, ಸ್ವಾಮಿ, ಈ ಎರಡು ಹೆಸರಿಗೆ ಉತ್ತರ ಕೊಡ್ರಿ ಅಂತಿದ್ದ. ಇಪ್ಪತ್ತು ಮೂವತ್ತು ವರ್ಷ ತಡ ಆಗ್ತಿತ್ತು. ಆಗಲಿ, ಸ್ವರ್ಗಕ್ಕೆ ಏನು ಅವಸರ?

— ಆಮೇಲೆ ಫೋಟೋ ಮತ್ತೆ ತಿರುಗಿಸಿದ್ರಿ.

— ತಿರುಗಿಸಿದೆ. ಅವರ ಕೊನೇ ದಿನಗಳ ನೆನಪಾಯ್ತು. 2005ರ ಈಸ್ಟರ್, ಮಾರ್ಚ್ 27. ನಾವು ಡ್ಯೂಟಿ ರೂಮಿನ ಟಿ.ವಿ.ಯಲ್ಲಿ ನೋಡ್ತಿದ್ವಿ. ಗಂಟಲಿಗೆ ತೂತು ಕೊರೆದು ಟ್ಯೂಬ್ ಹಾಕಿದ್ರು. ಕಿಟಕಿಗೆ ತಂದು ಕೂರಿಸಿದ್ರು. ಕೆಳಗೆ ಜನವೋ ಜನ. ಮೈಕ್ ಮುಂದೆ ಹಿಡಿದ್ರು, ಬಾಯಿ ತೆರೆದ್ರು, ಸ್ವರ ಬರಲಿಲ್ಲ. ಮತ್ತೆ ಪ್ರಯತ್ನ ಮಾಡಿದ್ರು. ಇಲ್ಲ. ಸುಮ್ಮನೆ ಕೈಯಲ್ಲಿ ಶಿಲುಬೆ ಗುರುತು ಹಾಕಿದ್ರು. ನಟನಾಗಿದ್ದೋರು, ಅಷ್ಟು ಭಾಷೆ ಮಾತಾಡ್ತಿದ್ದೋರು, 104 ಸಲ ಪರದೇಶ ತಿರುಗಿದೋರು. ನಮ್ಮ ಹೆಡ್ ನರ್ಸು ಹಿಂದೂ. ಸೆರಗು ಬಾಯಿಗೆ ಇಟ್ಕೊಂಡು, ‘ಒಳಗೆ ಕರ್ಕೊಂಡು ಹೋಗ್ರೋ, ಯಾಕ್ರೋ ತೋರಿಸ್ತೀರಿ’ ಅಂದ್ರು. ಆಸ್ಪತ್ರೆ ಬೇಡ ಅಂತ ತಮ್ಮ ಕೋಣೆಯಲ್ಲೇ ಸತ್ತರು. ನಮ್ಮಲ್ಲಿ ಮುದುಕರನ್ನ ಒಳಗೆ ಮುಚ್ಚಿಡ್ತೀವಿ, ಜೊಲ್ಲು ಸುರಿಸೋದು ಬೀಗರಿಗೆ ಕಾಣಬಾರದು ಅಂತ. ಅವರು ಮುಚ್ಚಲಿಲ್ಲ.

— ಹರಿಹರೇಶ್ವರನ ಹಂಗೆ ಅರ್ಧ ಒಂದು, ಅರ್ಧ ಇನ್ನೊಂದು ಅನ್ನಬಹುದೇನೋ.

— ಬ್ಯಾಡ್ರಿ ಮೇಷ್ಟ್ರೆ. ಹರಿಹರದಲ್ಲಿ ಮೈಕ್ ಹಿಡಿದೋರೆಲ್ಲ ಅದೇ ಹೋಲಿಕೆ ಕೊಡ್ತಾರೆ. ಆ ಗುಡಿಯ ದೇವರು ಎರಡೂ ಕಡೆ ದೇವರೇ. ಇದು ಹಂಗಲ್ಲ.

— ಒಪ್ಪಿದೆ. ಆದ್ರೆ ನೀವು ಹರಿಹರಕ್ಕೆ ನಡೆದು ಹೋಗಿದ್ದಕ್ಕೂ ಇವರಿಗೂ ಏನಾದ್ರೂ ಸಂಬಂಧ ಐತಾ, ಅಥವಾ ನಾನು ಸುಮ್ಮನೆ ಫೋಟೋ ಹಿಡ್ಕೊಂಡು ಹೊರಟೆನಾ?

— ಐತೆ, ಕಾಗದದಲ್ಲಿ ಐತೆ. ಹರಿಹರ ಸೇರಿರೋ ನಮ್ಮ ಶಿವಮೊಗ್ಗ ಧರ್ಮಕ್ಷೇತ್ರ ಹುಟ್ಟಿದ್ದು 1988ರ ನವೆಂಬರ್ 14. ಅದನ್ನ ಮಾಡಿದೋರು ಇವರೇ. ಆಗ ದಾವಣಗೆರೆ ಇನ್ನೂ ಜಿಲ್ಲೆಯಲ್ಲ, ಚಿತ್ರದುರ್ಗದಲ್ಲಿತ್ತು, ಜಿಲ್ಲೆಯಾಗಿದ್ದು 1997ರಲ್ಲಿ. ಸರ್ಕಾರಕ್ಕಿಂತ ಮೊದಲೇ ನಮ್ಮ ಗಡಿ ಬದಲಾಗಿತ್ತು. ಇಗ್ನೇಷಿಯಸ್ ಪಿಂಟೊ ಅಂತ ಮೊದಲನೇ ಧರ್ಮಾಧ್ಯಕ್ಷರು. ಆಮೇಲೆ 2019ರಲ್ಲಿ ಪೋಪ್ ಫ್ರಾನ್ಸಿಸ್ ಹರಿಹರದ ಗುಡಿಗೆ ಬೆಸಿಲಿಕಾ ಅಂತ ಪದವಿ ಕೊಟ್ರು. ಧರ್ಮಕ್ಷೇತ್ರ ಕೊಟ್ಟೋರು ಸಂತರಾದ್ರು, ಅವರನ್ನ ಸಂತ ಅಂದೋರು ಬೆಸಿಲಿಕಾ ಕೊಟ್ರು. ರೋಮಿನಲ್ಲಿ ಅಂಥ ಕಾಗದಕ್ಕೆ ದಿನಾ ಎಷ್ಟು ಸಹಿ ಬೀಳ್ತಾವೋ. ಹರಿಹರ ಎಲ್ಲೈತೆ ಅಂತ ನಕ್ಷೆ ನೋಡಿರ್ತಾರಾ?

— ತುಂಗಭದ್ರಾ ಅಂತಾದ್ರೂ ಓದಿರ್ತಾರೆ.

— ಓದಿದ್ರೂ ಅವರ ಬಾಯಲ್ಲಿ ಹೆಂಗೆ ಬಂದಿರುತ್ತೋ.

— 1999ರಲ್ಲಿ ದೀಪಾವಳಿ ದಿನ ದೆಹಲಿಯಲ್ಲಿ ಪೂಜೆ ಮಾಡಿದ್ರು, ಮೂರನೇ ಸಹಸ್ರಮಾನದಲ್ಲಿ ಏಷ್ಯಾದಲ್ಲಿ ವಿಶ್ವಾಸದ ಫಸಲು ಅಂತ ಏನೋ ಹೇಳಿ ಗಲಾಟೆ ಆಗಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ವಾರ ಪೂರ್ತಿ ಅದೇ ಜಗಳ. ಅದೇ ಮನುಷ್ಯ 1986ರಲ್ಲಿ ಅಸಿಸಿಗೆ ಎಲ್ಲ ಧರ್ಮದೋರನ್ನ ಕರೆದು ಕೂರಿಸಿ ಪ್ರಾರ್ಥನೆ ಮಾಡಿಸಿದ್ದ, 2001ರಲ್ಲಿ ಡಮಾಸ್ಕಸ್ಸಿನ ಮಸೀದಿಯೊಳಗೆ ಹೋಗಿದ್ದ. ಲೆಕ್ಕ ಕೂಡೋದೇ ಇಲ್ಲ ಈ ಆಸಾಮಿದು.

— ಇನ್ನೊಂದು ಮಿರ್ಚಿ ಕೊಡ್ರಿ. ನಿಮಗೆ ಒಂದು ಹೇಳ್ತೀನಿ, ಮನೆಯಲ್ಲೂ ಹೇಳಿಲ್ಲ. ಹದಿನೈದು ವರ್ಷದ ಹಿಂದೆ, ಯಾವ ಆಸ್ಪತ್ರೆ ಅಂತ ಬೇಡ, ರಾತ್ರಿ ಪಾಳಿಯಲ್ಲಿ ಒಬ್ಬ ಹುಡುಗ ತೀರಿಕೊಂಡ. ವಿಷ ಕುಡಿದ ಕೇಸು, ತಂದಾಗಲೇ ಕೈ ಮೀರಿತ್ತು. ಡಾಕ್ಟರ್ ಕೆಳಗೆ ಇಳಿದಿದ್ರು, ಎದುರಿಗೆ ಸಿಕ್ಕಿದ್ದು ನಾನು. ಹುಡುಗನ ಸೋದರಮಾವ ನನ್ನ ಜಡೆ ಹಿಡಿದು ಗೋಡೆಗೆ ಗುದ್ದಿದ. ಮೂರು ಹೊಲಿಗೆ, ಇಲ್ಲಿ, ಕೂದಲ ಒಳಗೆ. ಕೇಸ್ ಹಾಕಬೇಡ, ಆಸ್ಪತ್ರೆ ಹೆಸರು ಕೆಡುತ್ತೆ ಅಂದ್ರು. ಹಾಕಲಿಲ್ಲ. ಆ ವಾರವೇ ಜೈಲಿನ ಫೋಟೋ, ಆ ಎರಡು ಕುರ್ಚಿ ಫೋಟೋ, ಹುಡುಕಿ ತೆಗೆದು ನೋಡಿದೆ. ಎಷ್ಟು ಹೊತ್ತು ನೋಡಿದ್ರೂ ನನ್ನ ಕೈಲಿ ಆಗಲಿಲ್ಲ.

— ಆತ ಸಿಗಲೇ ಇಲ್ಲವಾ ಮತ್ತೆ?

— ಹರಿಹರದ ಕಡೆಯೋನೇ. ಹಿಂದೂ, ಆದ್ರೆ ಮಾತೆಗೆ ಹರಕೆ. ಹಬ್ಬಕ್ಕೆ ಹೆಚ್ಚು ಕಮ್ಮಿ ವರ್ಷಾ ಕಾಣ್ತಾನೆ. ಅವನಿಗೆ ನನ್ನ ಗುರುತಿಲ್ಲ. ಈಗ ಕೂದಲು ಪೂರಾ ಬೆಳ್ಳಗಾಗಿದೆ, ಹೆಗಲ ಮೇಲೆ ಮೊಮ್ಮಗು. ನಿನ್ನೆ ಮೇಣದ ಬತ್ತಿ ಹಚ್ಚೋ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದ. ಎರಡು ಮೊಳ ದೂರ. ಅವನ ಬತ್ತಿ ಗಾಳಿಗೆ ಆರಿತು. ಹಿಂದಕ್ಕೆ ತಿರುಗಿ, ‘ಅಮ್ಮಾ, ಒಂದೀಟು ಬೆಂಕಿ ಕೊಡ್ತೀರಾ’ ಅಂತ ನನ್ನ ಬತ್ತಿ ಕಡೆ ಕೈ ಚಾಚಿದ.

— ಕೊಟ್ರಾ?

— ಸಾಲು ಬದಲಾಯಿಸಿದೆ ಮೇಷ್ಟ್ರೆ. ಆ ಕಡೆ ಸಾಲು ಉದ್ದ ಇತ್ತು, ಮುಕ್ಕಾಲು ತಾಸು ಜಾಸ್ತಿ ನಿಲ್ಲಬೇಕಾಯ್ತು. ಈ ಬಲಗಾಲಿನ ಬೊಬ್ಬೆ ಅಲ್ಲೇ ಆಗಿದ್ದು.

— ...

— ನೀರು ಆರಿ ಹೋಯ್ತು. ಒಲೆ ಮೇಲೆ ಇನ್ನೊಂದು ತಂಬಿಗೆ ಬಿಸಿನೀರು ಐತೆ, ತರ್ತೀರಾ? ಉಪ್ಪಿನ ಡಬ್ಬಿ ಅಲ್ಲೇ ಕಿಟಕಿಯಲ್ಲಿ ಐತೆ.